ಪ್ಯಾರಿಸ್‌ನಲ್ಲಿ ಯಾರಾದರೂ ದಾರ ಹಿಡಿದು ಬಂದರೆ, ಕೈ ಜೇಬಿಗೆ ಹಾಕಿಕೊಳ್ಳಿ

2025ರ ಬೇಸಿಗೆಯಲ್ಲಿ ಬಾಸ್ಟನ್‌ನಿಂದ ಬೆಂಗಳೂರಿಗೆ ಬರುವಾಗ ಪ್ಯಾರಿಸ್‌ನಲ್ಲಿ ಒಂಬತ್ತು ಗಂಟೆ ಕಾಯಬೇಕಿತ್ತು. ಸುಮ್ನೆ ಯಾಕೆ ಕೂರೋದು ಅಂತ ಊರು ನೋಡಲು ಹೊರಟೆ. ಹಿಂದೆ ಆಫೀಸಿನ ಕೆಲಸಕ್ಕೆ ಮಾಡಿಸಿದ್ದ ಶೆಂಗನ್ ವೀಸಾದ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅವಧಿ ಇನ್ನೂ ಇತ್ತು. ಅಮೆರಿಕದ ವೀಸಾ ಒಂದೇ ಇದ್ದರೆ ವಿಮಾನ ನಿಲ್ದಾಣದಿಂದ ಆಚೆ ಬಿಡುವುದಿಲ್ಲ, ನೆನಪಿರಲಿ.

ಏರ್‌ಪೋರ್ಟ್‌ನಿಂದ ಊರೊಳಗೆ ಹೋಗುವ ಆರ್‌ಇಆರ್ ಬಿ ರೈಲಿಗೆ 13 ಯೂರೋ ಕೊಟ್ಟು ಗಾರ್ ದು ನಾರ್ ಸ್ಟೇಷನ್ನಿನಲ್ಲಿ ಇಳಿದೆ. ಅಲ್ಲಿಂದ ಮೊಂಮಾರ್ತ್ರ ಗುಡ್ಡಕ್ಕೆ ಇಪ್ಪತ್ತೈದು ನಿಮಿಷದ ನಡಿಗೆ. ಮೇಲೆ ಸಾಕ್ರೆ ಕ್ಯೂರ್ ಚರ್ಚಿನ ಬಿಳಿ ಗುಮ್ಮಟ ಕಾಣುತ್ತಿತ್ತು. ಖುಷಿಯಲ್ಲಿದ್ದೆ.

ಮೆಟ್ಟಿಲು ಶುರುವಾಗುವ ಜಾಗದಲ್ಲೇ ಈ ದಾರದವರು ನಿಂತಿರುತ್ತಾರೆ. ಒಬ್ಬ ನಗುತ್ತಾ ಬಂದು "ಇಂಡಿಯಾ? ನಮಸ್ತೆ!" ಅಂದ. ಕೈಯಲ್ಲಿ ಬಣ್ಣಬಣ್ಣದ ದಾರ. ನಾನು ಏನು ಮಾಡಿದೆ ಗೊತ್ತಾ? ಬಲಗೈ ಚಾಚಿದೆ! ದೇವಸ್ಥಾನದಲ್ಲಿ ಪೂಜಾರಿ ದಾರ ಹಿಡಿದರೆ ಚಾಚುವ ಹಾಗೆ. ನಮ್ಮವರಿಗೆ ಈ ಮೋಸ ಜಾಸ್ತಿ ಅಪಾಯ ಅನ್ನುವುದು ಇದಕ್ಕೇ. ಬೇರೆಯವರ ಕೈಯನ್ನು ಅವರು ಹಿಡಿದೆಳೆಯಬೇಕು, ನಾವೇ ಕೊಟ್ಟುಬಿಡುತ್ತೇವೆ.

ಅಲ್ಲೇ ಹೆಣೆದು ಗಂಟು ಬಿಗಿದ. ಎಳೆದರೆ ಬರುವ ಗಂಟಲ್ಲ. ಆಮೇಲೆ 20 ಯೂರೋ ಕೇಳಿದ. ಅಷ್ಟರಲ್ಲಿ ಇನ್ನಿಬ್ಬರು ಪಕ್ಕಕ್ಕೆ ಬಂದು ನಿಂತಿದ್ದರು. ಹೆದರಿ ಪರ್ಸ್ ತೆಗೆದು ಕೊಟ್ಟೆ. 20 ಯೂರೋ ಹೋದದ್ದು ದೊಡ್ಡದಲ್ಲ. ಪರ್ಸ್ ಯಾವ ಜೇಬಿಗೆ ಹೋಯಿತು ಅಂತ ಸುತ್ತ ಇದ್ದವರಿಗೆಲ್ಲ ತೋರಿಸಿದೆನಲ್ಲ, ಅದು ದೊಡ್ಡದು. ಇಳಿದು ಬರುವಾಗ ಬಾರ್ಬೆಸ್ ಮೆಟ್ರೋ ಮುಂದಿನ ನೂಕುನುಗ್ಗಲಿನಲ್ಲಿ ಒಬ್ಬ ಡಿಕ್ಕಿ ಹೊಡೆದು "ಪಾರ್ದೋಂ" ಅಂದ. ಸ್ಟೇಷನ್ ತಲುಪಿ ನೋಡಿದರೆ ಪರ್ಸ್ ಇಲ್ಲ. ಅವನೋ, ದಾರದವರ ಕಡೆಯವನೋ, ಯಾರಿಗೆ ಗೊತ್ತು.

ಪಾಸ್‌ಪೋರ್ಟ್ ಒಳಜೇಬಿನಲ್ಲಿತ್ತು. ಅದರ ಕವರ್‌ನಲ್ಲಿ ಮಡಚಿಟ್ಟಿದ್ದ 40 ಡಾಲರ್ ನನ್ನನ್ನು ಉಳಿಸಿತು. ನೋಟು ಬದಲಿಸುವ ಅಂಗಡಿಯಲ್ಲಿ 25 ಯೂರೋ ಸಿಕ್ಕಿತು. ಅದೂ ಒಂಥರಾ ಜೇಬುಗಳ್ಳತನವೇ, ರಸೀದಿ ಕೊಡುತ್ತಾರೆ ಅಷ್ಟೇ.

ಗಾಬರಿಯಲ್ಲಿ ಮೊದಲು ಬಂದ ಬಿ ರೈಲು ಹತ್ತಿದೆ. ಈ ಲೈನ್ ಓನೇ ಸೂ ಬುವಾ ಸ್ಟೇಷನ್ ದಾಟಿದ ಮೇಲೆ ಎರಡಾಗಿ ಒಡೆಯುತ್ತದೆ. ಒಂದು ಏರ್‌ಪೋರ್ಟ್‌ಗೆ, ಇನ್ನೊಂದು ಮಿತ್ರಿ ಕ್ಲೇ ಎಂಬ ಊರಿಗೆ. ನಾನು ಹತ್ತಿದ್ದು ಮಿತ್ರಿ ರೈಲು. ಸೆವ್ರಾನ್ ಲಿವ್ರಿ ಅನ್ನುವ ಬೋರ್ಡ್ ಕಂಡಾಗ ಎದೆ ಧಸಕ್ ಅಂತು. ಇಳಿದು, ಎದುರು ರೈಲು ಹಿಡಿದು ಹಿಂದೆ ಬಂದು, ಮತ್ತೆ ಬದಲಿಸಿ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ರೈಲಿನ ಮೇಲೆ ನಾಲ್ಕಕ್ಷರದ ಹೆಸರಿರುತ್ತದೆ. ಅದು ಇಂಗ್ಲಿಷಿನ 'E'ಯಿಂದ ಶುರುವಾದರೆ ಏರ್‌ಪೋರ್ಟ್, 'I'ಯಿಂದ ಶುರುವಾದರೆ ಮಿತ್ರಿ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ! ಪಾಸ್‌ಪೋರ್ಟ್ ತಪಾಸಣೆಯ ಸಾಲು ನೋಡಿ ಅಳುವೇ ಬಂತು. ಗೇಟ್ ಮುಚ್ಚುವ ಹೊತ್ತಿಗೆ ಓಡಿ ಹೋಗಿ ಸೇರಿಕೊಂಡೆ.

ಮನೆಗೆ ಬಂದಾಗಲೂ ದಾರ ಕೈಯಲ್ಲೇ ಇತ್ತು, ಬಿಚ್ಚಲು ಆಗಿರಲಿಲ್ಲ. ಅಮ್ಮ ನೋಡಿ, "ಅಲ್ಲೂ ದೇವಸ್ಥಾನಕ್ಕೆ ಹೋಗಿದ್ಯಾ? ಒಳ್ಳೇದಾಯ್ತು ಬಿಡು" ಅಂದರು. ಕತ್ತರಿ ಎಲ್ಲಿದೆ ಅಂತ ಕೇಳಿದೆ.