ಮಾಲಿನ್ಯ ನಿಯಂತ್ರಣ ಮಂಡಳಿ: ಕೇರಳದ್ದೋ, ಕೇಂದ್ರದ್ದೋ?

ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಕಾಸರಗೋಡು ನಮ್ಮದು. ಪರಿಸರದ ಕೆಲಸ ಬೇಕೆನ್ನುವ ಮಕ್ಕಳು ಇಲ್ಲಿ ಇದ್ದೇ ಇರುತ್ತಾರೆ, ಅಲ್ವಾ?

ಕೇರಳ ಮಂಡಳಿಯಲ್ಲಿ ಎಂಜಿನಿಯರ್ ಆಗಲು ಎಂಜಿನಿಯರಿಂಗ್ ಪದವಿ ಬೇಕು. ಓಡಾಟ ಜಾಸ್ತಿ. ಕಾರ್ಖಾನೆ, ಆಸ್ಪತ್ರೆ, ಹೋಟೆಲುಗಳ ಕೊಳಚೆ ನೀರಿನ ಘಟಕ ನೋಡಬೇಕು, ಅನುಮತಿ ಅರ್ಜಿ ಪರಿಶೀಲಿಸಬೇಕು. ಮಲಯಾಳ ಕಡತ ಓದಲೇಬೇಕು; ಮಂಜೇಶ್ವರದ ಕಡೆಯವರು ಇದನ್ನು ಹಗುರವಾಗಿ ತಗೊಳ್ಳಬೇಡಿ.

ಕೇಂದ್ರ ಮಂಡಳಿಯ ‘ಸೈಂಟಿಸ್ಟ್ ಬಿ’ ಹುದ್ದೆಗೆ ರಸಾಯನಶಾಸ್ತ್ರದಂಥ ವಿಷಯದಲ್ಲಿ ಎಂಎಸ್ಸಿ ಆದವರಿಗೂ ದಾರಿ ಇದೆ. ಮೂಲ ವೇತನ 56,100 ರೂಪಾಯಿಯಿಂದ ಶುರು. ಲ್ಯಾಬಿನಲ್ಲಿ ತಾಳ್ಮೆ ಬೇಕು: ಬಿಒಡಿ (ನೀರಿನ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಪರೀಕ್ಷೆಗೆ ನೀರಿನ ಮಾದರಿಯನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು ಕಾಯಬೇಕು. ಮುಖ್ಯ ಕಚೇರಿ ದೆಹಲಿಯಲ್ಲಿ. ಬೆಂಗಳೂರಿನಲ್ಲೂ ಪ್ರಾದೇಶಿಕ ಕಚೇರಿ ಇದೆ. ಅಮ್ಮನ ಪತ್ರೊಡೆ ಬಿಟ್ಟಿರಲು ಆಗುವುದಾದರೆ, ನನ್ನ ಓಟು ಇದಕ್ಕೇ.