ಬಾಯಿ ಸುತ್ತಲಿನ ಗೆರೆಗೆ ಬೆರಳಾ, ಉಪಕರಣವಾ, ಪ್ಯಾಚಾ? ಎಲ್ಲ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೆರಳಿಗೆ, ಅಂದರೆ ಬೆರಳಿಟ್ಟು ಮಾಡುವ ಮುಖದ ವ್ಯಾಯಾಮಕ್ಕೆ. ದುಡ್ಡು ಕೊಟ್ಟು ತರಿಸಿದ ಉಪಕರಣ ಡ್ರಾಯರ್‌ನಲ್ಲಿ ಹಳೇ ಚಾರ್ಜರ್‌ಗಳ ಜೊತೆ ಬಿದ್ದಿದೆ. ಬಿಟ್ಟಿ ಸಿಕ್ಕ ಬೆರಳುಗಳು ಮಾತ್ರ ಈಗಲೂ ದಿನಾ ಕೆಲಸ ಮಾಡುತ್ತಿವೆ. ಇದು ಗೊತ್ತಾಗಲು ನನಗೆ ಎಂಟು ತಿಂಗಳು ಬೇಕಾಯಿತು. ಅದರಲ್ಲಿ ಮೊದಲ ಎರಡು ತಿಂಗಳು ಬರೀ ತಪ್ಪು ದಾರಿ.

ಶುರುವಾಗಿದ್ದು ಅಕ್ಕನ ಮಗಳಿಂದ. ಆರು ವರ್ಷದ ಹುಡುಗಿ, ಕೂತು ನನ್ನ ಮುಖ ಬರೆದಳು. ಕಣ್ಣು, ಮೂಗು, ಕೂದಲು ಎಲ್ಲ ಸರಿ. ಬಾಯಿಯ ಎರಡೂ ಕಡೆ ಒಂದೊಂದು ಉದ್ದ ಗೆರೆ.

"ಇದೇನೇ, ನನಗೆ ಮೀಸೆ ಹಚ್ಚಿದ್ದೀಯಾ?"

"ಅಲ್ಲ ಚಿಕ್ಕಿ, ನಿನ್ನ ಮುಖದಲ್ಲಿ ಇದೆಯಲ್ಲಾ, ಅದು."

ನನಗೀಗ 47. ಗೆರೆ ಇರುವುದು ಗೊತ್ತಿತ್ತು, ಆದರೆ ಕ್ರೇಯಾನ್‌ನಲ್ಲಿ ಬರೆಯುವಷ್ಟು ಇದೆ ಅಂತ ಗೊತ್ತಿರಲಿಲ್ಲ. ಅವತ್ತು ರಾತ್ರಿಯೇ ಕೂತು ಹುಡುಕಿ, ಎರಡು ದಿನದಲ್ಲಿ ಒಂದು ಬಾಯಿ ವ್ಯಾಯಾಮದ ಉಪಕರಣ ಆರ್ಡರ್ ಮಾಡಿದೆ. ಹುಡುಕಿದ್ದು ಸಾಲದಾಗಿತ್ತು, ಅದು ಆಮೇಲೆ ತಿಳಿಯಿತು.

ಹುಡುಕುವಾಗಲೇ ತಿಳಿಯಬೇಕಿದ್ದ ಒಂದು ವಿಷಯ ಇಷ್ಟು. ಬಾಯಿ ಸುತ್ತ ಇರುವುದು ಒಂದೇ ಥರದ ಗೆರೆ ಅಲ್ಲ, ಮೂರು ಥರದ್ದು. ಮೂಗಿನ ಪಕ್ಕದಿಂದ ಬಾಯಿ ಮೂಲೆಗೆ ಇಳಿಯುವ ಮಡಿಕೆ ಒಂದು. ವಯಸ್ಸಾದಂತೆ ಕೆನ್ನೆಯ ಕೊಬ್ಬು ಕರಗಿ, ಉಳಿದದ್ದು ಸ್ವಲ್ಪ ಕೆಳಗೆ ಜಾರುತ್ತದೆ, ಆಗ ಈ ಮಡಿಕೆ ಆಳವಾಗುತ್ತದೆ. ಬಾಯಿ ಮೂಲೆಯಿಂದ ಗಲ್ಲದ ಕಡೆ ಇಳಿಯುವ ಗೆರೆ ಇನ್ನೊಂದು. ಮೂರನೆಯದು ಮೇಲ್ತುಟಿಯ ಮೇಲೆ ನೆಟ್ಟಗೆ ನಿಲ್ಲುವ ಸಣ್ಣ ಸಣ್ಣ ನಿರಿಗೆ. ಬಾಯಿ ಸುತ್ತ ಉಂಗುರದ ಹಾಗೆ ಒಂದು ಸ್ನಾಯು ಇದೆ. ಅದು ಬಿಗಿದಾಗಲೆಲ್ಲ ಮೇಲಿನ ಚರ್ಮ ನಿರಿಗೆಯಾಗುತ್ತದೆ. ಲಾಡಿ ಎಳೆದ ಚೀಲದ ಬಾಯಿ ನೋಡಿದ್ದೀರಲ್ಲ, ಥೇಟ್ ಹಾಗೆ. ವರ್ಷಗಟ್ಟಲೆ ಲಾಡಿ ಎಳೆದು ಬಿಟ್ಟು ಮಾಡಿದರೆ ಬಟ್ಟೆಗೆ ಗೆರೆ ಉಳಿಯುತ್ತದೆ, ಅಲ್ವಾ? ಬಿಸಿಲು, ಸಿಗರೇಟು ಸೇರಿದರೆ ಇನ್ನೂ ಬೇಗ.

ಈಗ ಆ ಉಪಕರಣದ ಕಥೆ.

ಸಿಲಿಕೋನ್‌ನ ಒಂದು ತುಂಡು, ಎರಡೂ ಬದಿಗೆ ರೆಕ್ಕೆ. ನಡುವಿನ ಭಾಗವನ್ನು ಹಲ್ಲಿಂದ ಕಚ್ಚದೆ ಬರೀ ತುಟಿಯಲ್ಲಿ ಹಿಡಿಯಬೇಕು. ಆಮೇಲೆ ತಲೆಯನ್ನು ಮೇಲೆ ಕೆಳಗೆ ಆಡಿಸಬೇಕು, ರೆಕ್ಕೆ ಪಟಪಟ ಬಡಿಯಬೇಕು. 30 ಸೆಕೆಂಡ್, ದಿನಕ್ಕೆ ಎರಡು ಸಲ. ಇಷ್ಟೇನಾ ಅಂದುಕೊಂಡೆ. ಕನ್ನಡಿ ಮುಂದೆ ನಿಂತೆ, ಹಿಡಿದೆ, ತಲೆ ಆಡಿಸಿದೆ. ಹತ್ತನೇ ಸೆಕೆಂಡಿಗೆ ತುಟಿ ನಡುಗಲು ಶುರು. ಹನ್ನೆರಡಕ್ಕೆ ಜೊಲ್ಲು. ಸ್ವಲ್ಪ ಅಲ್ಲ, ಗಲ್ಲದಿಂದ ಇಳಿದು ಕತ್ತಿನವರೆಗೆ. ನುಂಗೋಣ ಅಂದರೆ ನುಂಗಲು ಬಾಯಿ ಬಿಗಿ ಮಾಡಬೇಕು, ಬಿಗಿ ಮಾಡಿದರೆ ಹಿಡಿತ ತಪ್ಪಿ ಉಪಕರಣ ಸಿಂಕ್‌ಗೆ ಬೀಳುತ್ತದೆ. ತೊಳೆ, ಮತ್ತೆ ಹಿಡಿ, ಮತ್ತೆ ಜೊಲ್ಲು. ಮೂರನೇ ದಿನದಿಂದ ಕತ್ತಿಗೆ ಟವೆಲ್ ಕಟ್ಟಿಕೊಂಡು ನಿಲ್ಲುತ್ತಿದ್ದೆ, ಅನ್ನ ತಿನ್ನಿಸಲು ಕೂರಿಸಿದ ಮಗುವಿನ ಹಾಗೆ. ಬಾಗಿಲು ಹಾಕಿಕೊಂಡೇ ಮಾಡಬೇಕಿತ್ತು, ಯಾರಾದರೂ ನೋಡಿದರೆ ಏನೋ ಮೈಮೇಲೆ ಬಂದಿದೆ ಅಂದುಕೊಳ್ಳುತ್ತಿದ್ದರು.

ಜೊಲ್ಲನ್ನಾದರೂ ಸಹಿಸಿಕೊಳ್ಳಬಹುದಿತ್ತು. ತುಟಿ ಸುಸ್ತಾದಾಗ ಏನಾಗುತ್ತಿತ್ತು ಅಂದರೆ, ನನಗೇ ಗೊತ್ತಾಗದಂತೆ ಹಲ್ಲು ಕಚ್ಚುತ್ತಿತ್ತು. ಮೂರನೇ ವಾರಕ್ಕೆ ಬಲಕಿವಿಯ ಮುಂದೆ, ದವಡೆಯ ಕೀಲಿನಲ್ಲಿ ಟಕ್ ಟಕ್ ಶಬ್ದ. ಆಕಳಿಸಿದರೆ ಟಕ್, ಅಗಿದರೆ ಟಕ್. ನೋವು ಜಾಸ್ತಿ ಇರಲಿಲ್ಲ, ಆದರೆ ಆ ಸದ್ದು ತಲೆಯೊಳಗೇ ಕೇಳಿಸುತ್ತದೆ, ಬೇರೆ ಯೋಚನೆಗೆ ಬಿಡುವುದಿಲ್ಲ. ಆದರೂ ಹಟ, ದುಡ್ಡು ಕೊಟ್ಟಿದ್ದೇನಲ್ಲ. ಇನ್ನೂ ಎರಡು ವಾರ ಮಾಡಿದೆ.

ಐದನೇ ವಾರ ಒಂದು ದಿನ ಕನ್ನಡಕ ಹಾಕಿಕೊಂಡು ಮಾಡಿದೆ. ಅಲ್ಲಿಯವರೆಗೆ ಹಾಕಿರಲಿಲ್ಲ, ತಲೆ ಆಡಿಸುವಾಗ ಜಾರುತ್ತದೆ ಅಂತ. ಆಗ ಕಂಡಿದ್ದು ಮೇಲ್ತುಟಿ. ಉಪಕರಣ ಹಿಡಿದ ತಕ್ಷಣ ಮೂಗಿನ ಕೆಳಗೆ ಆರೇಳು ನಿರಿಗೆ ಎದ್ದು ನಿಲ್ಲುತ್ತಿದ್ದವು, ಎಣಿಸಬಹುದಿತ್ತು. ಅಂದರೆ ಯಾವ ಗೆರೆ ಹೋಗಲಿ ಅಂತ ಇದನ್ನು ತಂದೆನೋ, ಅದೇ ಗೆರೆಯನ್ನು ದಿನಾ ಎರಡು ಸಲ ಟವೆಲ್ ಕಟ್ಟಿಕೊಂಡು ನಿಂತು ನಾನೇ ಇಸ್ತ್ರಿ ಹಾಕಿ ಕೂರಿಸುತ್ತಿದ್ದೆ! ಉಂಗುರದ ಸ್ನಾಯುವನ್ನು ಬಿಗಿಯುವುದೇ ಆ ಉಪಕರಣದ ಕೆಲಸ, ನಿರಿಗೆ ಬರುವುದೂ ಅದು ಬಿಗಿಯುವುದರಿಂದಲೇ. ಸುಕ್ಕಿಗೆ ಚುಚ್ಚುವ ಬೊಟಾಕ್ಸ್ ಇಂಜೆಕ್ಷನ್ ಮಾಡುವುದು ಇದಕ್ಕೆ ಪೂರಾ ಉಲ್ಟಾ, ಸ್ನಾಯುವನ್ನು ಸಡಿಲ ಬಿಟ್ಟು ಗೆರೆ ಇಳಿಸುತ್ತದೆ. ಇಷ್ಟು ಸರಳ ಲೆಕ್ಕ ನನ್ನ ತಲೆಗೆ ಮೊದಲೇ ಹೊಳೆಯಬೇಕಿತ್ತು.

ವಾಪಸ್ ಕೊಡಲು ನೋಡಿದೆ. ಬಾಯಿಗೆ ಹಾಕಿದ ವಸ್ತು, ತೆಗೆದುಕೊಳ್ಳಲ್ಲ ಅಂದರು. ಅದರಲ್ಲಿ ತಪ್ಪಿಲ್ಲ ಬಿಡಿ, ನಾನಾಗಿದ್ದರೂ ತೆಗೆದುಕೊಳ್ಳುತ್ತಿರಲಿಲ್ಲ. ಉಪಕರಣ ನಿಲ್ಲಿಸಿದ ಮೂರು ವಾರಕ್ಕೆ ಟಕ್ ಟಕ್ ತಾನಾಗಿ ನಿಂತಿತು.

ಆಮೇಲೆ ಬೆರಳಿಗೆ ಬಂದೆ. ಈ ಸಲ ಸ್ವಲ್ಪ ಓದಿಕೊಂಡು. 2018ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚರ್ಮ ವೈದ್ಯರು ಮುಖದ ವ್ಯಾಯಾಮದ ಮೇಲೆ ಒಂದು ಅಧ್ಯಯನ ಪ್ರಕಟಿಸಿದ್ದಾರೆ. 40ರಿಂದ 65 ವಯಸ್ಸಿನ 27 ಹೆಂಗಸರು. ಮೊದಲ ಎಂಟು ವಾರ ದಿನಾ 30 ನಿಮಿಷ, ಆಮೇಲೆ 20ನೇ ವಾರದವರೆಗೆ ದಿನ ಬಿಟ್ಟು ದಿನ. ಕೊನೆಯವರೆಗೆ ಉಳಿದವರು 16 ಜನ. ಇಡೀ ಅಧ್ಯಯನದಲ್ಲಿ ನನಗೆ ಥಟ್ಟನೆ ನಂಬಿಕೆ ಬಂದ ಸಂಖ್ಯೆ ಇದೇ, ದಿನಾ ಅರ್ಧ ಗಂಟೆ ಮುಖ ತಿರುಚುತ್ತಾ ಕೂರುವುದು ಯಾರಿಗೆ ಆಗುತ್ತದೆ? ಫೋಟೋ ನೋಡಿದ ವೈದ್ಯರು ಅವರ ವಯಸ್ಸನ್ನು ಶುರುವಿನಲ್ಲಿ ಸರಾಸರಿ 50.8 ಅಂತ, ಕೊನೆಗೆ 48.1 ಅಂತ ಅಂದಾಜು ಮಾಡಿದರು. ಆದರೆ ಮುಖದ ಹಲವು ಅಂಶ ನೋಡಿದ್ದರಲ್ಲಿ ಎದ್ದು ಕಾಣುವಂತೆ ಸುಧಾರಿಸಿದ್ದು ಎರಡೇ, ಕೆನ್ನೆಯ ಮೇಲ್ಭಾಗ ಮತ್ತು ಕೆಳಭಾಗ ತುಂಬಿಕೊಂಡಿದ್ದು. ವ್ಯಾಯಾಮ ಮಾಡದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿಲ್ಲ. ಹಾಗಾಗಿ ಇದನ್ನೇ ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. ನನಗೆ ಮಾತ್ರ ಒಂದು ಸುಳಿವು ಸಿಕ್ಕಿತು: ತುಟಿಯನ್ನು ಬಿಟ್ಟು ಕೆನ್ನೆಯನ್ನು ಹಿಡಿ. ಕೆನ್ನೆ ತುಂಬಿದರೆ ಮೂಗಿನ ಪಕ್ಕದ ಮಡಿಕೆ ತಾನಾಗಿ ಸ್ವಲ್ಪ ಮೇಲೇಳಬಹುದು.

ನಾನು ಮಾಡುವುದು ಹೀಗೆ. ಬಾಯನ್ನು 'ಓ' ಅನ್ನುವ ಹಾಗೆ ತೆರೆದು, ಮೇಲ್ತುಟಿಯನ್ನು ಹಲ್ಲಿನ ಮೇಲೆ ಮಡಚಿ, ಬರೀ ಕೆನ್ನೆಯಿಂದ ನಗಬೇಕು. ಕಣ್ಣಿನ ಕೆಳಗೆ ಕೆನ್ನೆಯ ಗುಡ್ಡೆ ಏಳುತ್ತದೆ. ಅದರ ತುದಿಗೆ ಬೆರಳು ಮೆಲ್ಲಗೆ ಇಟ್ಟುಕೊಂಡರೆ ಸ್ನಾಯು ಎದ್ದಿದ್ದು, ಇಳಿದಿದ್ದು ಕೈಗೇ ಗೊತ್ತಾಗುತ್ತದೆ. ಹತ್ತು ಸಲ ಏಳಿಸಿ ಇಳಿಸುವುದು, ಕೊನೆಯದನ್ನು 20 ಸೆಕೆಂಡ್ ಹಿಡಿಯುವುದು. ಮೂರು ಸುತ್ತು.

ಇಲ್ಲೂ ಒಂದು ಕೊಕ್ಕೆ ಇದೆ. ನಕ್ಕರೆ ಮೂಗಿನ ಪಕ್ಕದ ಮಡಿಕೆ ಇನ್ನೂ ಆಳ ಬೀಳುತ್ತದೆ, ಅಂದರೆ ಮತ್ತೆ ಲಾಡಿ ಕಥೆಯೇ. ಅದಕ್ಕೆ ನಾನು ತೋರುಬೆರಳನ್ನು ಉದ್ದಕ್ಕೆ ಆ ಮಡಿಕೆಯ ಮೇಲೇ ಮಲಗಿಸಿ, ಚರ್ಮ ಮಡಚದಂತೆ ತಡೆದು, ಮಧ್ಯದ ಬೆರಳನ್ನು ಕೆನ್ನೆ ಮೇಲೆ ಇಡುತ್ತೇನೆ. ಒತ್ತಬಾರದು, ಎಳೆಯಬಾರದು. ಮುಖಕ್ಕೆ ಎಣ್ಣೆ, ಕ್ರೀಮ್ ಇದ್ದರೆ ಬೆರಳು ಜಾರುತ್ತದೆ, ಒಣ ಮುಖಕ್ಕೇ ಮಾಡಬೇಕು. ಕೈಗೆ ಈ ಅಭ್ಯಾಸ ಕೂರಲು ಹತ್ತು ದಿನ ಹಿಡಿಯಿತು. ಅಧ್ಯಯನದ ಅರ್ಧ ಗಂಟೆ ನನ್ನಿಂದ ಆಗದ ಮಾತು. ಬೆಳಗ್ಗೆ ಸ್ನಾನಕ್ಕೆ ನೀರು ಕಾಯುವವರೆಗೆ ಎಂಟು ನಿಮಿಷ, ಅಷ್ಟೇ.

ಫೋಟೋ ವಿಷಯದಲ್ಲಿ ಹುಷಾರು. ಮೊದಲ ತಿಂಗಳ ಫೋಟೋ ನೋಡಿ ನಾನು ಕುಣಿದಿದ್ದೆ, ಗೆರೆ ಅರ್ಧ ಮಾಯ! ಆಮೇಲೆ ನೋಡಿದರೆ ಹಳೆಯದು ಬಚ್ಚಲುಮನೆಯ ಬಲ್ಬಿನ ಕೆಳಗೆ ತೆಗೆದದ್ದು, ಹೊಸದು ಕಿಟಕಿಗೆ ಮುಖ ಮಾಡಿ ತೆಗೆದದ್ದು. ನೆತ್ತಿ ಮೇಲಿನ ಬೆಳಕು ಎಂಥ ಮಡಿಕೆಯನ್ನೂ ಹೊಂಡ ಮಾಡಿ ತೋರಿಸುತ್ತದೆ. ಅವತ್ತಿನಿಂದ ಅದೇ ಕಿಟಕಿ, ಅದೇ ಕುರ್ಚಿ, ಬೆಳಗ್ಗೆ ಅದೇ ಹೊತ್ತು, ಮುಖ ಸಡಿಲ.

ಹಾಗೆ ತೆಗೆದ ಫೋಟೋಗಳಲ್ಲಿ ಐದನೇ ತಿಂಗಳಿಗೆ ಕಂಡಿದ್ದು ಇಷ್ಟು. ಮೂಗಿನ ಪಕ್ಕದ ಮಡಿಕೆ ಎಡಗಡೆ ಸ್ವಲ್ಪ ತೆಳುವಾಗಿದೆ. ಬಲಗಡೆ ಅಷ್ಟಿಲ್ಲ, ನಾನು ಬಲಕ್ಕೆ ಒತ್ತಿ ಮಲಗುತ್ತೇನೆ, ಅದೂ ಕಾರಣ ಇರಬಹುದು. ಬಾಯಿ ಮೂಲೆಯಿಂದ ಕೆಳಗಿಳಿಯುವ ಗೆರೆ ಇದ್ದ ಹಾಗೇ ಇದೆ. ತುಟಿ ಮೇಲಿನ ನಿರಿಗೆಗೆ ಬೆರಳಿಂದ ಏನೂ ಆಗಿಲ್ಲ. ಕೆನ್ನೆ ಮಾತ್ರ ನಿಜಕ್ಕೂ ಗಟ್ಟಿಯಾಗಿದೆ. ವಿಷಯವೇ ಗೊತ್ತಿಲ್ಲದ ಅಕ್ಕ ಬಂದವಳೇ "ಏನೇ, ಕೆನ್ನೆ ತುಂಬಿಕೊಂಡಿದೆ, ದಪ್ಪ ಆದೆಯಾ?" ಅಂದಳು. ತೂಕ ಅಷ್ಟೇ ಇದೆ ಕಣೇ ಅಂದೆ. ಒಳಗೊಳಗೇ ಖುಷಿ.

ರಾತ್ರಿ ಗೆರೆ ಮೇಲೆ ಅಂಟಿಸುವ ಸಿಲಿಕೋನ್ ಪ್ಯಾಚ್ ಬಗ್ಗೆ: ಬೆಳಗ್ಗೆ ಕಿತ್ತಾಗ ಮ್ಯಾಜಿಕ್, ಮಧ್ಯಾಹ್ನದ ಹೊತ್ತಿಗೆ ಮೊದಲಿನ ಹಾಗೆ. ಚರ್ಮದ ತೇವ ಆರದಂತೆ ಮುಚ್ಚಿಡುವುದರಿಂದ ಉಬ್ಬಿ ನುಣುಪಾಗುತ್ತದೆ, ಗಾಳಿಗೆ ಬಿಟ್ಟರೆ ಇಳಿಯುತ್ತದೆ. ಮದುವೆ ಮುಂಜಿಗೆ ಹೋಗುವ ಹಿಂದಿನ ರಾತ್ರಿ ಹಾಕಿಕೊಳ್ಳಲು ಅಡ್ಡಿಯಿಲ್ಲ. ತೊಳೆದು ತೊಳೆದು ಬಳಸಿದರೂ ಕೆಲವು ವಾರಕ್ಕೆ ಅಂಟು ಹೋಗುತ್ತದೆ, ಮತ್ತೆ ಖರೀದಿ. ನನ್ನ ಬಜೆಟ್ಟಿಗೆ ಇದು ಸೋರುವ ಕೊಡ.

ಮುಖದ ಮೇಲೆ ಉರುಳಿಸುವ ಕಲ್ಲಿನ ರೋಲರ್: ತಣ್ಣಗೆ ಹಾಯೆನಿಸುತ್ತದೆ, ಬೆಳಗಿನ ಊತ ಇಳಿಯುತ್ತದೆ, ಗೆರೆಗೆ ಏನೂ ಇಲ್ಲ.

ತುಟಿ ನಿರಿಗೆಗೆ ಸ್ವಲ್ಪವಾದರೂ ಕೆಲಸ ಮಾಡಿದ್ದು ರೆಟಿನಾಲ್ ಕ್ರೀಮ್. ಇದು ಎ ವಿಟಮಿನ್ ಜಾತಿಯದ್ದು. ಇದರ ಅಣ್ಣನಂಥ ಟ್ರೆಟಿನಾಯಿನ್‌ಗೆ ಸಣ್ಣ ಸುಕ್ಕಿನ ಔಷಧಿ ಅಂತ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿದೆ, ಅದಕ್ಕೆ ವೈದ್ಯರ ಚೀಟಿ ಬೇಕು. ನಾನು ಆಸೆಬುರುಕಿ, ಮೊದಲ ವಾರವೇ ದಿನಾ ಹಚ್ಚಿ ಬಾಯಿಯ ಎರಡೂ ಮೂಲೆ ಒಡೆದು ಸಿಪ್ಪೆ ಎದ್ದಿತು. ಹುಳಿ ತಿಂದರೆ ಉರಿ, ನಕ್ಕರೆ ಉರಿ. ಈಗ ಮೂಲೆಗೆ ಮೊದಲು ವ್ಯಾಸಲೀನ್ ಸವರಿ, ಕಡಲೆಕಾಳಿನಷ್ಟು ಕ್ರೀಮ್, ವಾರಕ್ಕೆ ಎರಡೇ ರಾತ್ರಿ. ನಾಲ್ಕು ತಿಂಗಳಿಗೆ ನಿರಿಗೆ ಸ್ವಲ್ಪ ಮೆತ್ತಗಾಗಿದೆ. ಬಸುರಿಯರು ಇದನ್ನು ಮುಟ್ಟಬಾರದು.

ಕ್ರೀಮ್ ಹಚ್ಚುವವರು ಹಗಲು ಸನ್‌ಸ್ಕ್ರೀನ್ ಹಚ್ಚಲೇಬೇಕು. ಹಾಗೆ ನೋಡಿದರೆ ಇಡೀ ಪಟ್ಟಿಯಲ್ಲಿ ಗಟ್ಟಿ ಸಾಕ್ಷಿ ಇರುವುದು ಇದಕ್ಕೇ. ಆಸ್ಟ್ರೇಲಿಯಾದ ನಂಬೂರ್ ಎಂಬ ಊರಿನಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿ, 2013ರಲ್ಲಿ ಫಲಿತಾಂಶ ಕೊಟ್ಟರು. ದಿನಾ ಹಚ್ಚಿದವರಲ್ಲಿ, ಬೇಕೆನಿಸಿದಾಗ ಮಾತ್ರ ಹಚ್ಚಿದವರಿಗಿಂತ ಚರ್ಮದ ಮುಪ್ಪು 24 ಶೇಕಡಾ ಕಡಿಮೆ. ನಾನು ಕೆಲಸಕ್ಕೆ ಕೂರುವುದು ಕಿಟಕಿ ಪಕ್ಕ. ಗಾಜಿನ ಒಳಗಿದ್ದೇನಲ್ಲ ಅಂತ ಇಷ್ಟು ವರ್ಷ ಸುಮ್ನೆ ಇದ್ದೆ. ಆದರೆ ಬಿಸಿಲಿನಲ್ಲಿರುವ, ಸುಕ್ಕು ತರುವ ಯುವಿಎ ಕಿರಣ ಸಾಮಾನ್ಯ ಕಿಟಕಿ ಗಾಜನ್ನು ದಾಟಿ ಬರುತ್ತದೆ. ಮೇಲ್ತುಟಿಯ ಮೇಲೆ ಹಚ್ಚುವುದನ್ನೂ ಮರೆಯುತ್ತಿದ್ದೆ, ಬಾಯಿಗೆ ಹೋಗುತ್ತದೆ ಅಂತ.

ಚರ್ಮದಡಿ ತುಂಬುವ ಜೆಲ್, ಅಂದರೆ ಫಿಲ್ಲರ್, ಚುಚ್ಚಿಸಿಕೊಂಡರೆ ಮೂಗಿನ ಪಕ್ಕದ ಮಡಿಕೆ ಒಂದೇ ದಿನದಲ್ಲಿ ತುಂಬುತ್ತದೆ. ಇದರ ಮುಂದೆ ನನ್ನ ಐದು ತಿಂಗಳ ಬೆರಳಾಟ ಏನೂ ಅಲ್ಲ, ಒಪ್ಪುತ್ತೇನೆ. ಆದರೆ ತಿಂಗಳುಗಳು ಕಳೆದಂತೆ ಕರಗುತ್ತದೆ, ಮತ್ತೆ ಹೋಗಬೇಕು. ನನ್ನ ಕೈಯಲ್ಲಿ ಅಷ್ಟು ದುಡ್ಡಿಲ್ಲ, ಸೂಜಿ ಕಂಡರೆ ಭಯವೂ ಇದೆ. ಈ ಎರಡೂ ತೊಂದರೆ ಇಲ್ಲದವರ ತೀರ್ಮಾನ ಬೇರೆಯಾದೀತು.

ಹಾಗಾಗಿ ನನ್ನಂತೆ ಬೆಳಗ್ಗೆ ಎಂಟು ನಿಮಿಷ ಕೊಡಬಲ್ಲವರು, ಮೂಗಿನ ಪಕ್ಕದ ಮಡಿಕೆ ಚಿಂತೆ ಇರುವವರು ಬೆರಳಿನಿಂದಲೇ ಶುರು ಮಾಡಿ. ತುಟಿ ನಿರಿಗೆಯೇ ನಿಮ್ಮ ಚಿಂತೆಯಾದರೆ ವ್ಯಾಯಾಮದ ಗೋಜಿಗೆ ಹೋಗಬೇಡಿ, ಆ ದುಡ್ಡಿಗೆ ಸನ್‌ಸ್ಕ್ರೀನ್ ತನ್ನಿ. ದವಡೆ ಮೊದಲೇ ಟಕ್ ಅನ್ನುತ್ತಿದ್ದರೆ ಬಾಯಲ್ಲಿ ಹಿಡಿಯುವ ಯಾವ ಉಪಕರಣವೂ ಬೇಡ. ನನ್ನದನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂದರೆ ಬಾಯಿಗಿಟ್ಟದ್ದನ್ನು ಹೇಗೆ ಕೊಡುವುದು. ಮೊನ್ನೆ ಅಕ್ಕನ ಮಗಳು ಡ್ರಾಯರ್ ತಡಕಾಡಿ ಅದನ್ನು ಎತ್ತಿ ಹಿಡಿದು, "ಇದು ಯಾವ ಹಕ್ಕಿದು ಚಿಕ್ಕಿ?" ಅಂತ ಕೇಳಿದಳು.