ತೋಟದ ಟ್ರಾನ್ಸ್‌ಫಾರ್ಮರ್‌ಗೆ ಲಾಗರ್ ಹಾಕ್ಸೋದಾ, ಆಯಿಲ್ ಟೆಸ್ಟ್ ಸಾಕಾ?

ಕೊಡಗಿನ ಮಳೆಗಾಲ ಗೊತ್ತಲ್ಲ, ಗಾಳಿಗೆ ಸಿಲ್ವರ್ ಓಕ್ ಕೊಂಬೆ ಲೈನ್‌ಗೆ ತಾಗೋದು, ಕರೆಂಟ್ ಹೋಗೋದು. ಸ್ವಂತ ಟ್ರಾನ್ಸ್‌ಫಾರ್ಮರ್ ಇರೋ ತೋಟದವ್ರು ವೋಲ್ಟೇಜ್ ಬರೆದಿಡೋ ಲಾಗರ್ ಪೆಟ್ಟಿಗೆನಾ, ಆಯಿಲ್ ಟೆಸ್ಟಾ, ಇವೆರಡ್ರಲ್ಲಿ ಯಾವ್ದು ಅಂತ ಕೇಳ್ತಾನೇ ಇರ್ತಾರೆ.

ಆಯಿಲ್ ಟೆಸ್ಟ್ ಅಂದ್ರೆ ರಕ್ತ ಪರೀಕ್ಷೆ ಇದ್ದ ಹಾಗೆ. ಎಣ್ಣೆಲಿ ಕರಗಿರೋ ಗ್ಯಾಸ್ ಅಳೀತಾರೆ, ಅಸಿಟಿಲೀನ್ ಇದ್ರೆ ಒಳಗೆ ಕಿಡಿ ಹಾರ್ತಿದೆ ಅಂತ, ಎಥಿಲೀನ್ ಜಾಸ್ತಿ ಆದ್ರೆ ಎಣ್ಣೆ ವಿಪರೀತ ಕಾಯ್ತಿದೆ ಅಂತ. ಆದ್ರೆ ಹೊರಗಿನ ಲೈನ್ ಕಥೆ ಇದ್ರಲ್ಲಿ ಬರಲ್ಲ.

ಲಾಗರ್ ಮೂರೂ ಫೇಸಿನ ವೋಲ್ಟೇಜ್ ಹಗಲು ರಾತ್ರಿ ಬರೀತಾ ಇರುತ್ತೆ. ಮೂರೂ ಒಟ್ಟಿಗೆ ಇಳಿದ್ರೆ ತೊಂದ್ರೆ ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್‌ಗೆ ಬರೋ ಲೈನಿಂದು, ಒಂದು ಫೇಸ್ 170 ವೋಲ್ಟ್‌ಗೆ ಇಳಿದು ಅದೇ ಹೊತ್ತಿಗೆ ಇನ್ನೊಂದು 270 ದಾಟಿದ್ರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ತಂತಿ) ಲೂಸು, ಮೇನ್ ಆಫ್ ಮಾಡಿ ಲೈನ್‌ಮ್ಯಾನ್‌ಗೆ ಫೋನ್ ಮಾಡಿ, ಇಲ್ದಿದ್ರೆ ಫ್ರಿಜ್ಜು ಟೀವಿ ಎಲ್ಲಾ ಹೋಗುತ್ತೆ. ಕೊಂಬೆ ತಾಗೋದೂ ಕಾಣುತ್ತೆ, ಗಾಳಿ ಬೀಸ್ದಾಗೆಲ್ಲ ಸಣ್ಣ ಸಣ್ಣ ಕುಸಿತ. ಆದ್ರೆ 15 ನಿಮಿಷದ ಸರಾಸರಿ ಮಾತ್ರ ಇಡೋ ಅಗ್ಗದ ಲಾಗರ್ ತಗೋಬೇಡಿ, ಅರ್ಧ ಸೆಕೆಂಡಿನ ಕುಸಿತ ಆ ಸರಾಸರಿಲಿ ಮುಳುಗೋಗುತ್ತೆ. ಪ್ರತಿ ಅವಧಿಯ ಕನಿಷ್ಠ ಗರಿಷ್ಠ ಎರಡೂ ಬರೀಬೇಕು. ಲೆಕ್ಕನೆಲ್ಲಾ ಬರೀ ಸಿಮ್ ಮೂಲಕ ಕಳಿಸೋ ಲಾಗರ್ ನಂಬ್ಕೊಂಡಿರೋದೂ ಬೇಡ, ಜುಲೈಲಿ ನಮ್ಮಲ್ಲಿ ಕರೆಂಟ್ ಜೊತೆ ಟವರ್ರೂ ಮಲಗುತ್ತೆ, ಮೆಮೊರಿ ಕಾರ್ಡ್ ಇರ್ಲಿ.

ಹಳೇ ಟ್ರಾನ್ಸ್‌ಫಾರ್ಮರ್ ಆಗಿದ್ರೆ ಮೊದ್ಲು ಆಯಿಲ್ ಟೆಸ್ಟ್. ಹೊಸದು, ಆದ್ರೆ ಲೈನ್ ಕಾಡೊಳಗಿಂದ ಬರುತ್ತೆ ಅಂದ್ರೆ ನಾನು ಕಣ್ಮುಚ್ಚಿ ಲಾಗರ್ ಅಂತೀನಿ.